ರಬ್ಬರ್ ವೇಷಕ್ಕೆ ನಾಚದ ಸಿನಿಮಾ

1991ರಲ್ಲಿ ಬಂದ ‘ದಿ ಗೈವರ್’ ಸಿನಿಮಾದ ಪೋಸ್ಟರ್‌ನಲ್ಲೇ ಒಂದು ಸಣ್ಣ ಮೋಸ ಇತ್ತು. ಅರ್ಧ ಮುಖ ಮಾರ್ಕ್ ಹ್ಯಾಮಿಲ್‌ದು, ಇನ್ನರ್ಧ ಹುಳದ ಮೋರೆಯಂಥ ಒಂದು ಕವಚದ್ದು. ‘ಸ್ಟಾರ್ ವಾರ್ಸ್’ನ ಲ್ಯೂಕ್ ಸ್ಕೈವಾಕರ್ ಈ ಸಲ ಸೂಪರ್‌ಹೀರೋ ಆಗಿದ್ದಾನೆ ಅಂತ ನಂಬಿ ಜನ ಕ್ಯಾಸೆಟ್ ಬಾಡಿಗೆಗೆ ಒಯ್ಯಬೇಕು, ಅಷ್ಟೇ ಅದರ ಉದ್ದೇಶ. ಮನೆಗೆ ಹೋಗಿ ನೋಡಿದರೆ ಕವಚ ತೊಡುವವನು ಬೇರೆ ಯಾರೋ ಹುಡುಗ. ಹ್ಯಾಮಿಲ್‌ದು ಸಿಐಎ ಏಜೆಂಟನ ಪಾತ್ರ. ಅವನು ಕೊನೆಯಲ್ಲಿ ಹುಳವಾಗಿ ಬದಲಾಗಿ ಸಾಯುತ್ತಾನೆ.

ಮೂರು ವರ್ಷ ಬಿಟ್ಟು, 1994ರಲ್ಲಿ, ಎರಡನೇ ಭಾಗ ಬಂತು. ಹೆಸರು ‘ಗೈವರ್: ಡಾರ್ಕ್ ಹೀರೋ’. ಈ ಸಲ ಪೋಸ್ಟರ್ ಮೇಲೆ ಹಾಕಲು ಸ್ಟಾರ್ ಇಲ್ಲ. ಥಿಯೇಟರೂ ಇಲ್ಲ, ನೇರ ವಿಡಿಯೊಗೆ. ಮೊದಲ ಭಾಗಕ್ಕೆ ಸುಮಾರು 30 ಲಕ್ಷ ಡಾಲರ್ ಖರ್ಚಾಗಿತ್ತು ಎನ್ನುತ್ತಾರೆ. ಇದಕ್ಕೆ ಸಿಕ್ಕಿದ್ದು 10 ಲಕ್ಷಕ್ಕೂ ಕಡಿಮೆ. ಮೂರನೇ ಒಂದು ಪಾಲು ದುಡ್ಡು, ಹೊಸ ಹೀರೋ, ಹೆಸರಿಲ್ಲದ ನಟರು. ಸಾಮಾನ್ಯವಾಗಿ ಇಂಥ ಎರಡನೇ ಭಾಗಗಳು ಎಲ್ಲಿ ಹೋದವು ಅಂತಲೇ ಗೊತ್ತಾಗುವುದಿಲ್ಲ. ಇಲ್ಲಿ ಉಲ್ಟಾ ಆಯಿತು. ಇವತ್ತಿಗೂ ಗೈವರ್ ಅಂದರೆ ಆ ಕಾಲದ ಅಭಿಮಾನಿಗಳು ಮೊದಲು ಎತ್ತುವುದು ಈ ಬಡ ಸಿನಿಮಾದ ಮಾತನ್ನೇ.

ಇಷ್ಟು ಹಳೆಯ ವಿಡಿಯೊ ಸಿನಿಮಾದ ಮಾತು ಈಗೇಕೆ? ಗೈವರ್ ಹುಟ್ಟಿದ್ದು ಮಾಂಗಾದಲ್ಲಿ, ಅಂದರೆ ಜಪಾನಿನ ಕಾಮಿಕ್ಸ್‌ನಲ್ಲಿ. ಅಂಥ ಮಾಂಗಾ ಕಥೆಗಳನ್ನು ನಿಜವಾದ ನಟರನ್ನಿಟ್ಟು ತೆಗೆಯುವ ಹುಚ್ಚು ಈಗ ಜೋರಾಗಿದೆ. ‘ಒನ್ ಪೀಸ್’ ನೆಟ್‌ಫ್ಲಿಕ್ಸ್‌ನಲ್ಲಿ ಗೆದ್ದ ಮೇಲೆ ಅದು ಇನ್ನೂ ಜಾಸ್ತಿಯಾಗಿದೆ. ಜಪಾನಿನ ಕಥೆಗಳಿಗೆ ನಮ್ಮಲ್ಲೂ ಈಗ ಜನ ಇದ್ದಾರೆ. 2025ರ ಸೆಪ್ಟೆಂಬರ್‌ನಲ್ಲಿ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಬಂದಾಗ ಬೆಂಗಳೂರಿನ ಮಲ್ಟಿಪ್ಲೆಕ್ಸ್‌ಗಳು ತುಂಬಿದ್ದವು. ಅದು ಹಿಂದಿ, ತಮಿಳು, ತೆಲುಗಿನಲ್ಲಿ ಮಾತಾಡಿತು, ಕನ್ನಡದಲ್ಲಿ ಮಾತಾಡಲಿಲ್ಲ. ಆ ಜಗಳ ಇನ್ನೊಂದು ದಿನಕ್ಕಿರಲಿ. ಅದು ಅನಿಮೇಷನ್, ಬರೆದ ಗೆರೆಯೇ ಅಲ್ಲಿ ಓಡಾಡುತ್ತದೆ. ಅದೇ ಕಥೆಗೆ ಮನುಷ್ಯರನ್ನು ತಂದು ನಿಲ್ಲಿಸಿದಾಗ ಯಾಕೆ ಇಷ್ಟು ಸಲ ಮುಗ್ಗರಿಸುತ್ತಾರೆ? ಎಲ್ಲರೂ ಕೊಡುವ ಉತ್ತರ ಒಂದೇ: ಬಜೆಟ್ ಸಾಲಲಿಲ್ಲ, ಗ್ರಾಫಿಕ್ಸ್ ಚೆನ್ನಾಗಿಲ್ಲ. ಗೈವರ್‌ನ ಎರಡು ಸಿನಿಮಾಗಳನ್ನು ಒಂದರ ಹಿಂದೆ ಒಂದು ನೋಡಿದರೆ ಆ ಉತ್ತರದ ಮೇಲೆ ಅನುಮಾನ ಹುಟ್ಟುತ್ತದೆ. ನನಗಂತೂ ಹುಟ್ಟಿತು.

ಮೊದಲು ಕಥೆ ಸ್ವಲ್ಪ ಹೇಳುತ್ತೇನೆ. ಯೋಶಿಕಿ ತಕಾಯಾ ಈ ಮಾಂಗಾ ಶುರು ಮಾಡಿದ್ದು 1985ರಲ್ಲಿ. ಶೋ ಫುಕಾಮಾಚಿ ಅನ್ನುವ ಶಾಲಾ ಹುಡುಗನಿಗೆ ಒಂದು ವಿಚಿತ್ರ ಯಂತ್ರ ಸಿಗುತ್ತದೆ. ಅದು ಜೀವ ಇರುವ ಕವಚ, ಅದೇ ಗೈವರ್. ಅಂಗಿ ತೊಟ್ಟ ಹಾಗೆ ಅದನ್ನು ತೊಡುವಂತಿಲ್ಲ, ಅದೇ ಬಂದು ಅವನನ್ನು ಹಿಡಿದುಕೊಳ್ಳುತ್ತದೆ, ಮೈಯೊಳಗೆ ಇಳಿಯುತ್ತದೆ. ಹಣೆಯ ಮೇಲೆ ಒಂದು ಲೋಹದ ಗುಂಡು, ಅದೇ ಅದರ ಮೆದುಳು. ಮೊಣಕೈಯಲ್ಲಿ ಕತ್ತಿ ಬೆಳೆಯುತ್ತದೆ. ಎದೆ ಸೀಳಿಕೊಂಡು ಒಳಗಿನಿಂದ ಫಿರಂಗಿ ಹಾರುತ್ತದೆ. ಎದುರಿಗಿರುವುದು ಕ್ರೋನೋಸ್ ಅನ್ನುವ ಸಂಸ್ಥೆ. ಅವರ ಜನ ಬೇಕೆಂದಾಗ ರಾಕ್ಷಸರಾಗುತ್ತಾರೆ. ಎಲ್ಲದರ ಹಿಂದೆ ಒಂದು ದೊಡ್ಡ ಗುಟ್ಟು: ಬೇರೆ ಲೋಕದವರು ಯುದ್ಧದ ಆಯುಧವಾಗಿ ಬಳಸಲೆಂದೇ ಮನುಷ್ಯರನ್ನು ಹುಟ್ಟಿಸಿದ್ದರು. 32 ಸಂಪುಟ ಬಂದ ಮೇಲೆ, 2016ರಲ್ಲಿ, ಮಾಂಗಾ ನಿಂತುಹೋಯಿತು.

ಅಮೆರಿಕದವರು ಹುಡುಗನ ಹೆಸರನ್ನು ಶಾನ್ ಬಾರ್ಕರ್ ಮಾಡಿದರು. ಊರು ಲಾಸ್ ಏಂಜಲೀಸ್ ಆಯಿತು. ಮೊದಲ ಭಾಗದ ನಿರ್ದೇಶಕರು ಇಬ್ಬರು: ಜಪಾನಿನಲ್ಲಿ ಹುಟ್ಟಿದ ಸ್ಕ್ರೀಮಿಂಗ್ ಮ್ಯಾಡ್ ಜಾರ್ಜ್ (ಹೌದು, ಅದೇ ಹೆಸರು) ಮತ್ತು ತೈವಾನಿನಲ್ಲಿ ಹುಟ್ಟಿದ ಸ್ಟೀವ್ ವಾಂಗ್. ಇಬ್ಬರೂ ರಾಕ್ಷಸರ ವೇಷ ಮಾಡುವ ಕಸುಬಿನಿಂದ ಬಂದವರು. 1987ರ ‘ಪ್ರಿಡೇಟರ್’ನ ಆ ಪ್ರಾಣಿ ಗೊತ್ತಲ್ವಾ, ಅದರ ಮೈಗೆ ರೂಪ, ಬಣ್ಣ ಕೊಟ್ಟ ತಂಡದಲ್ಲಿ ವಾಂಗ್ ಇದ್ದರು. ಅಂದರೆ ವೇಷದ ವಿಷಯದಲ್ಲಿ ಮೊದಲ ಭಾಗಕ್ಕೇನೂ ಕೊರತೆ ಇರಲಿಲ್ಲ. ಇಬ್ಬರು ಒಳ್ಳೆಯ ಕಸುಬುದಾರರು ಜೀವ ತೇದು ರಾಕ್ಷಸರನ್ನು ಮಾಡಿಟ್ಟಿದ್ದರು.

ಹಾಗಿದ್ದರೂ ಆ ಸಿನಿಮಾ ತನ್ನ ರಾಕ್ಷಸರನ್ನು ನೋಡಿ ತಾನೇ ನಕ್ಕಿತು. ಒಬ್ಬ ರಾಕ್ಷಸ ರಾಪ್ ಹಾಡುತ್ತಾನೆ. ಇನ್ನೊಂದು ಕಡೆ ಹೊಡೆದಾಟದ ನಡುವೆ ಸಿನಿಮಾ ಶೂಟಿಂಗ್ ಜಾಗಕ್ಕೇ ನುಗ್ಗುತ್ತಾರೆ, ನಿಜವಾದ ರಾಕ್ಷಸ ವೇಷಧಾರಿಯ ಹಾಗೆ ಕಾಣುತ್ತಾನೆ. ಹೊಡೆತ ಬಿದ್ದಾಗಲೆಲ್ಲ ಒಂದು ಜೋಕು. ನೀವು ಇದನ್ನು ರಬ್ಬರ್ ಅಂತ ಹೇಳುವ ಮೊದಲೇ ನಾವೇ ಹೇಳಿಬಿಡುತ್ತೇವೆ ಅನ್ನುವ ಧಾಟಿ. ನೆಂಟರ ಮುಂದೆ ಮನೆಯ ಬಡತನವನ್ನು ತಾವೇ ಆಡಿಕೊಂಡು ನಗುವವರನ್ನು ನೀವೂ ನೋಡಿರುತ್ತೀರಿ. ಹಾಗಾದಾಗ ನೆಂಟರಿಗೂ ಮುಜುಗರ.

ವಾಂಗ್‌ಗೆ ಈ ಹಾಸ್ಯ ಹಿಡಿಸಿರಲಿಲ್ಲ. ಮಾಂಗಾ ಓದಿದವರಿಗೂ ಹಿಡಿಸಲಿಲ್ಲ. ಎರಡನೇ ಭಾಗವನ್ನು ಅವರೊಬ್ಬರೇ ನಿರ್ದೇಶಿಸಿದರು, ಮೊದಲು ಕಿತ್ತುಹಾಕಿದ್ದೇ ಜೋಕುಗಳನ್ನು. ಕಥೆಯನ್ನು ಊರಿನಿಂದ ಹೊರಗೆ, ಯೂಟಾದ ಕಾಡಿಗೆ ಒಯ್ದರು. ಅಲ್ಲಿ ಒಂದು ಗುಹೆ, ಗೋಡೆಯ ಮೇಲೆ ಹಳೆಯ ಚಿತ್ರ, ನೆಲದಡಿ ಹೂತುಹೋದ ಬೇರೆ ಲೋಕದ ಹಡಗು. ಅಗೆಯಲು ಬಂದ ಸಂಶೋಧಕರ ನಡುವೆಯೇ ಕ್ರೋನೋಸ್‌ನವರು ಸೇರಿಕೊಂಡಿದ್ದಾರೆ. ಲೆಕ್ಕ ನೋಡಿದರೆ ಇದು ಬುದ್ಧಿವಂತಿಕೆ. ಕಾಡಿಗೆ ಸೆಟ್ ಬೇಡ, ರಸ್ತೆ ಬಂದ್ ಮಾಡಿಸುವ ಅನುಮತಿ ಬೇಡ, ಗುಂಪಿಗೆ ಜೂನಿಯರ್ ಕಲಾವಿದರು ಬೇಡ. ಉಳಿದ ದುಡ್ಡೆಲ್ಲ ಎರಡು ಕಡೆ ಹೋಯಿತು: ವೇಷ, ಫೈಟು.

ಮಾಂಗಾ ಸಿನಿಮಾಗಳ ಬಜೆಟ್ ಬಗ್ಗೆ ಮಾತಾಡುವವರು ಬಿಟ್ಟುಬಿಡುವ ಒಂದು ಲೆಕ್ಕ ಇಲ್ಲಿದೆ. ಗ್ರಾಫಿಕ್ಸ್‌ಗೆ ಶಾಟ್ ಲೆಕ್ಕದಲ್ಲಿ ದುಡ್ಡು. ಹೀರೋ ಹತ್ತು ಸೆಕೆಂಡ್ ಜಾಸ್ತಿ ಕಂಡರೆ ಹತ್ತು ಸೆಕೆಂಡಿನ ಬಿಲ್ ಜಾಸ್ತಿ. ಅದಕ್ಕೇ ಕಡಿಮೆ ದುಡ್ಡಿನ ಗ್ರಾಫಿಕ್ಸ್ ಸಿನಿಮಾದಲ್ಲಿ ಸೂಪರ್‌ಹೀರೋ ಆಗಾಗ ಮುಖ ತೋರಿಸಿ ಮಾಯವಾಗುತ್ತಾನೆ, ಉಳಿದ ಹೊತ್ತು ಮನೆಯವರು ಅವನ ಬಗ್ಗೆ ಮಾತಾಡುತ್ತಾರೆ. ವೇಷದ ಲೆಕ್ಕ ಬೇರೆ. ಮಾಡಿಸುವಾಗ ಕೈ ಸುಡುತ್ತದೆ. ಆದರೆ ಒಮ್ಮೆ ಮಾಡಿಟ್ಟರೆ ಅದು ಹರಿಯುವ ತನಕ ನಿಮ್ಮದು. ಒಂದು ನಿಮಿಷದ ಫೈಟ್ ತೆಗೆಯಿರಿ, ಏಳು ನಿಮಿಷದ್ದು ತೆಗೆಯಿರಿ, ವೇಷದ ಬೆಲೆ ಅಷ್ಟೇ. ಜಾಸ್ತಿ ಬೇಕಾಗುವುದು ಸಮಯ, ಬೆವರು. ‘ಡಾರ್ಕ್ ಹೀರೋ’ ಎರಡು ಗಂಟೆ ದಾಟುವುದು, ಅದರಲ್ಲಿ ಫೈಟುಗಳು ಮುಗಿಯುವುದೇ ಇಲ್ಲವೇನೋ ಅನ್ನಿಸುವುದು ಇದರಿಂದಲೇ. ಬಡವರ ಸಿನಿಮಾಕ್ಕೆ ಅಗ್ಗವಾಗಿ ಸಿಕ್ಕ ಐಷಾರಾಮ ಅದು.

ಫೈಟ್ ಮಾಸ್ಟರ್ ಕೊಯಿಚಿ ಸಕಾಮೊಟೊ. ಜಪಾನಿನಿಂದ ಅಮೆರಿಕಕ್ಕೆ ಹೋಗಿ ಆಲ್ಫಾ ಸ್ಟಂಟ್ಸ್ ಅನ್ನುವ ತಂಡ ಕಟ್ಟಿದವರು. ಮುಂದೆ ‘ಪವರ್ ರೇಂಜರ್ಸ್’ ಟಿವಿ ಧಾರಾವಾಹಿ ಬಹಳ ವರ್ಷ ಅವರ ಕೈಯಲ್ಲಿತ್ತು. ಅವರ ಫೈಟುಗಳಲ್ಲಿ ಕ್ಯಾಮೆರಾ ದೂರ ನಿಲ್ಲುತ್ತದೆ. ಇಬ್ಬರ ಪೂರ್ತಿ ಮೈ ಕಾಣುತ್ತದೆ, ಯಾರು ಯಾರಿಗೆ ಎಲ್ಲಿ ಹೊಡೆದರು ಅನ್ನುವುದು ಕಣ್ಣಿಗೆ ಸ್ಪಷ್ಟ. ರಾತ್ರಿ, ಮರಗಳ ನಡುವೆ, ಹಿಂದಿನಿಂದ ನೀಲಿ ಬೆಳಕು. ಕವಚದ ಮೇಲೆ ಒದ್ದೆ ಹೊಳಪು. ಆ ಹೊಳಪು ಸುಮ್ನೆ ಅಲ್ಲ. ಒಣಗಿದ ರಬ್ಬರ್ ರಬ್ಬರ್ ಹಾಗೇ ಕಾಣುತ್ತದೆ, ಒದ್ದೆಯಾದರೆ ಚರ್ಮದ ಹಾಗೆ ಕಾಣುತ್ತದೆ. ವೇಷ ಮಾಡುವವರಿಗೆಲ್ಲ ಗೊತ್ತಿರುವ ಉಪಾಯ ಇದು. ಹಗಲಿನ ದೃಶ್ಯಗಳಲ್ಲಿ ಗುಟ್ಟು ಬಯಲಾಗುತ್ತದೆ, ರಾಕ್ಷಸರ ಕಂಕುಳಲ್ಲಿ ಮಡಿಕೆ ಬೀಳುವುದು ಕಾಣುತ್ತದೆ.

ಇನ್ನೂ ಹತ್ತಿರದಿಂದ ನೋಡಿ. ಗೈವರ್‌ನ ಮುಖದಲ್ಲಿ ಬಾಯಿ ಇಲ್ಲ, ಹುಬ್ಬು ಇಲ್ಲ. ಒಳಗಿರುವ ಸಾಹಸ ಕಲಾವಿದನಿಗೆ ಕಣ್ಣಿನ ಸಣ್ಣ ಸಂದಿಯಲ್ಲಿ ಕಾಣುವಷ್ಟೇ ಲೋಕ. ಸಿಟ್ಟು, ನೋವು, ಹಿಂಜರಿಕೆ ಎಲ್ಲವನ್ನೂ ಅವನು ಕತ್ತು, ಹೆಗಲು, ಬೆರಳಲ್ಲಿ ಹೇಳಬೇಕು. ನಮ್ಮ ಬಣ್ಣದ ವೇಷದವರನ್ನು ಕೇಳಿ, ಅಷ್ಟು ಬಣ್ಣ ಮೆತ್ತಿಕೊಂಡ ಮುಖದಲ್ಲಿ ಭಾವ ಯಾರಿಗೆ ಕಾಣುತ್ತದೆ, ಮೈಯೇ ಮಾತಾಡಬೇಕು ಅಂತ ಅವರೂ ಹೇಳುತ್ತಾರೆ. ಜಪಾನಿನಲ್ಲಿ ಇದು ಒಂದು ಬೇರೆಯೇ ಕಸುಬು. 1971ರಲ್ಲಿ ‘ಕಾಮೆನ್ ರೈಡರ್’ ಅನ್ನುವ ಮುಖವಾಡದ ಹೀರೋನ ಧಾರಾವಾಹಿ ಟಿವಿಯಲ್ಲಿ ಶುರುವಾದಾಗಿನಿಂದ ಮುಖವಾಡದೊಳಗಿನ ನಟನೆಗೆ ಅಲ್ಲಿ ಒಂದು ಪರಂಪರೆಯೇ ಬೆಳೆದಿದೆ.

ಗೈವರ್ ಮಾಂಗಾ ಹುಟ್ಟಿದ್ದೂ ಆ ನೆರಳಲ್ಲೇ ಅನ್ನುವುದು ನನ್ನ ಎಣಿಕೆ. ಹುಳದ ಮೋರೆಯ ಹೀರೋ, ಮನುಷ್ಯರನ್ನು ರಾಕ್ಷಸರನ್ನಾಗಿ ಮಾಡುವ ಗುಪ್ತ ಸಂಸ್ಥೆ, ಬೇಡವೆಂದರೂ ಅಂಟಿಕೊಂಡ ಶಕ್ತಿ, ಎಲ್ಲ ಕಾಮೆನ್ ರೈಡರ್ ಮನೆತನದ ಚಹರೆ. ತಕಾಯಾ ಅದಕ್ಕೆ ರಕ್ತ, ಮಾಂಸ ಜಾಸ್ತಿ ಸೇರಿಸಿದರು. ಅಂದಮೇಲೆ ಈ ಕಥೆಗೆ ರಬ್ಬರ್ ವೇಷ ಹೊರಗಿನದಲ್ಲ, ತವರುಮನೆಯದು. ನೂರು ಕೋಟಿಯ ಗ್ರಾಫಿಕ್ಸ್ ಗೈವರ್‌ಗಿಂತ ಹತ್ತು ಲಕ್ಷದ ರಬ್ಬರ್ ಗೈವರ್ ಮಾಂಗಾಕ್ಕೆ ಹತ್ತಿರ ಇರಬಹುದು.

‘ಡಾರ್ಕ್ ಹೀರೋ’ ಕಥೆಯಲ್ಲೂ ಒಂದು ಒಳ್ಳೆಯ ತೀರ್ಮಾನ ಮಾಡಿತು. ಶಾನ್‌ಗೆ ಈಗ ಕವಚದ್ದೇ ಭಯ. ಅದು ಎದುರಿಗಿದ್ದವನನ್ನು ಕೊಲ್ಲದೆ ಬಿಡುವುದಿಲ್ಲ, ಇವನಿಗೆ ತಡೆಯಲು ಆಗುವುದಿಲ್ಲ. ಇವನು ಅದನ್ನು ಬಳಸುತ್ತಿದ್ದಾನೋ, ಅದೇ ಇವನನ್ನು ಬಳಸುತ್ತಿದೆಯೋ? ಮಾಂಗಾದ ಜೀವಾಳ ಇದೇ. ಮೊದಲ ಭಾಗ ಕವಚವನ್ನು ಆಟಿಕೆಯಂತೆ ನೋಡಿತ್ತು, ಎರಡನೆಯದು ರೋಗದಂತೆ ನೋಡಿತು. ಇಂಥ ಬದಲಾವಣೆಗೆ ಡಾಲರ್ ಖರ್ಚಾಗುವುದಿಲ್ಲ.

ಹಾಗಂತ ಇದೊಂದು ಅಡಗಿದ ಮಹಾಕೃತಿ ಅಂತ ನಾನು ಹೇಳುತ್ತಿಲ್ಲ. ಮೊನ್ನೆ ಮತ್ತೆ ನೋಡಿದಾಗ ನಡುವಿನ ಅರ್ಧ ಗಂಟೆ ಎಳೆದಂತಾಯಿತು. ಸಣ್ಣ ಪಾತ್ರಗಳವರು ಸಂಭಾಷಣೆ ಒಪ್ಪಿಸುವ ರೀತಿ ಶಾಲಾ ವಾರ್ಷಿಕೋತ್ಸವ ನೆನಪಿಸುತ್ತದೆ. ಬೇರೆ ಲೋಕದ ಹಡಗಿನ ಒಳಭಾಗ ಹಡಗಿಗಿಂತ ಹೊಟ್ಟೆಯ ಒಳಗಿನ ಸ್ಕ್ಯಾನ್ ಹಾಗಿದೆ. ಆದರೆ ಎಲ್ಲೂ ಆ ಸಿನಿಮಾ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಲಿಲ್ಲ. ಅದು ತನ್ನ ಕಥೆಯನ್ನು ನಂಬಿತ್ತು. ಹಾಗಾಗಿ ನಾನೂ ಸ್ವಲ್ಪ ಹೊತ್ತು ನಂಬಿದೆ.

ಇದೇ ಕಾಲದ ಇನ್ನೊಂದು ಸಿನಿಮಾ ಪಕ್ಕದಲ್ಲಿಟ್ಟು ನೋಡಬೇಕು. ರೋಜರ್ ಕೋರ್ಮನ್ ನಿರ್ಮಾಣದ ‘ಫೆಂಟಾಸ್ಟಿಕ್ ಫೋರ್’. ಅದರದೂ ಸುಮಾರು 10 ಲಕ್ಷ ಡಾಲರ್ ಬಜೆಟ್ಟೇ. ಆ ಕಾಮಿಕ್ಸ್‌ನ ಸಿನಿಮಾ ಹಕ್ಕು ಕೈ ತಪ್ಪಿ ಹೋಗಬಾರದು ಎಂದು ಅವಸರದಲ್ಲಿ ತೆಗೆದದ್ದು. 1994ರಲ್ಲಿ ಬರಬೇಕಿತ್ತು, ಅಧಿಕೃತವಾಗಿ ಬಿಡುಗಡೆ ಆಗಲೇ ಇಲ್ಲ. ಕದ್ದ ಪ್ರತಿಗಳಲ್ಲಿ ಮಾತ್ರ ಜನ ನೋಡಿದರು. ಹೆಚ್ಚುಕಡಿಮೆ ಅಷ್ಟೇ ದುಡ್ಡು, ಅದೇ ಹೊತ್ತು. ಒಂದು ಸಿನಿಮಾವನ್ನು ಅದರ ಮಾಲೀಕರೇ ಮುಚ್ಚಿಟ್ಟರು, ಇನ್ನೊಂದು ವಿಡಿಯೊ ಅಂಗಡಿಯ ಕಪಾಟಿನಲ್ಲಿ ಕೂತು ನಿಧಾನವಾಗಿ ಹೆಸರು ಮಾಡಿತು.

ನಾಚಿಕೆಯ ಮಾತಿಗೆ ಬಂದರೆ ಡೇವಿಡ್ ಹೇಟರ್ ಕಥೆ ಹೇಳದಿದ್ದರೆ ಆಗುವುದಿಲ್ಲ. ‘ಡಾರ್ಕ್ ಹೀರೋ’ದಲ್ಲಿ ಶಾನ್ ಆಗಿದ್ದವರು ಇವರೇ. 1998ರಲ್ಲಿ ‘ಮೆಟಲ್ ಗೇರ್ ಸಾಲಿಡ್’ ವಿಡಿಯೊ ಗೇಮ್‌ನ ಸಾಲಿಡ್ ಸ್ನೇಕ್‌ಗೆ ಇಂಗ್ಲಿಷಿನಲ್ಲಿ ದನಿ ಕೊಟ್ಟು ಪ್ರಸಿದ್ಧರಾದರು. ಆಮೇಲೆ ಬರೆಯಲು ಕೂತರು. 2000ದ ‘ಎಕ್ಸ್-ಮೆನ್’ ಸಿನಿಮಾದ ಚಿತ್ರಕಥೆ ಅವರ ಹೆಸರಿನಲ್ಲೇ ಇದೆ. ಹಾಲಿವುಡ್‌ನ ಇವತ್ತಿನ ಸೂಪರ್‌ಹೀರೋ ಭರಾಟೆಗೆ ಬಾಗಿಲು ತೆರೆದ ಸಿನಿಮಾಗಳಲ್ಲಿ ಅದೂ ಒಂದು. ಅದರಲ್ಲಿ ಎಲ್ಲರಿಗೂ ಕಪ್ಪು ಚರ್ಮದ ಉಡುಪು. ಇದನ್ನು ಹಾಕಿಕೊಂಡು ನೀವು ಹೊರಗೆ ಹೋಗುತ್ತೀರಾ ಅಂತ ವುಲ್ವರೀನ್ ಕೇಳುತ್ತಾನೆ. ಮತ್ತೇನು, ಹಳದಿ ಬಿಗಿ ಉಡುಪು ಬೇಕಿತ್ತಾ ಅಂತ ಉತ್ತರ ಬರುತ್ತದೆ. ಕಾಮಿಕ್ಸ್‌ನಲ್ಲಿ ವುಲ್ವರೀನ್ ಹಾಕುತ್ತಿದ್ದದ್ದೇ ಆ ಹಳದಿ ಉಡುಪು. ಥಿಯೇಟರಲ್ಲಿ ಜನ ನಕ್ಕರು. ಒಂದು ದಶಕದ ಮಟ್ಟಿಗೆ ಸೂಪರ್‌ಹೀರೋ ಸಿನಿಮಾಗಳ ನಾಚಿಕೆ ಆ ಒಂದು ಸಾಲಿನಲ್ಲಿದೆ. ರಬ್ಬರ್ ಹುಳದ ವೇಷವನ್ನು ಒಂಚೂರೂ ಅಳುಕಿಲ್ಲದೆ ಹೊತ್ತ ಹೀರೋನ ಹೆಸರಿನ ಚಿತ್ರಕಥೆಯಲ್ಲೇ ಅದು ಬಂತು ಅಂದರೆ ತಮಾಷೆ ಅಲ್ವಾ? ವುಲ್ವರೀನ್ ಆದ ಹ್ಯೂ ಜಾಕ್‌ಮನ್ ಕೊನೆಗೂ ಹಳದಿ ಉಡುಪಿನಲ್ಲಿ ಇಡೀ ಸಿನಿಮಾ ಕಂಡದ್ದು 2024ರಲ್ಲಿ. ಜನ ಶಿಳ್ಳೆ ಹೊಡೆದರು.

ಮಾಂಗಾ ಸಿನಿಮಾಗಳ ಸೋಲನ್ನು ಈ ಕನ್ನಡಕದಲ್ಲಿ ನೋಡಿ. 2009ರ ‘ಡ್ರ್ಯಾಗನ್‌ಬಾಲ್ ಎವಲ್ಯೂಷನ್’ಗೆ ದುಡ್ಡಿನ ಬರ ಇರಲಿಲ್ಲ, ಗೈವರ್‌ನ ಎರಡೂ ಭಾಗ ಸೇರಿಸಿದರೂ ಅದರ ಹತ್ತಿರ ಬರುವುದಿಲ್ಲ. ಆದರೆ ಬಾಲ ಇರುವ ಕಾಡುಹುಡುಗ ಗೋಕುವನ್ನು ಅಮೆರಿಕದ ಹೈಸ್ಕೂಲಿಗೆ ಸೇರಿಸಿ, ಹುಡುಗಿಯ ಹಿಂದೆ ಅಲೆಸಿದರು. ಮೂಲ ಹಾಗೇ ಇದ್ದರೆ ನಮ್ಮವರು ನಗುತ್ತಾರೆ ಅನ್ನುವ ಭಯ. ಅದನ್ನು ಬರೆದ ಬೆನ್ ರಾಮ್ಸಿ 2016ರಲ್ಲಿ ಅಭಿಮಾನಿಗಳ ಕ್ಷಮೆ ಕೇಳಿದರು. ತಾನು ಆ ಕಥೆಯ ಅಭಿಮಾನಿಯಾಗಿರಲಿಲ್ಲ, ದೊಡ್ಡ ಸಂಭಾವನೆಗಾಗಿ ಒಪ್ಪಿದೆ ಎಂದು ಒಪ್ಪಿಕೊಂಡರು. ಮೂಲ ಕರ್ತೃ ಅಕಿರಾ ತೊರಿಯಾಮಾಗೂ ಬೇಸರವಾಗಿತ್ತು. ಆ ಬೇಸರವೇ ಅವರನ್ನು 2013ರಲ್ಲಿ ಡ್ರ್ಯಾಗನ್‌ಬಾಲ್ ಅನಿಮೇಷನ್‌ಗೆ ಮತ್ತೆ ಕರೆತಂದಿತು.

2023ರ ‘ಒನ್ ಪೀಸ್’ ಇದರ ತದ್ವಿರುದ್ಧ. ಅದಕ್ಕೂ ದುಡ್ಡು ಸುರಿದರು, ನಿಜ. ಅದನ್ನು ಎಲ್ಲಿ ಸುರಿದರು ಅನ್ನುವುದು ಮುಖ್ಯ. ಕೇಪ್‌ಟೌನ್‌ನಲ್ಲಿ ನಿಜವಾದ ಹಡಗು ಕಟ್ಟಿದರು. ಫೋನಿನ ಹಾಗೆ ಬಳಸುವ ಬಸವನಹುಳುಗಳನ್ನು ಬೊಂಬೆ ಮಾಡಿಟ್ಟರು. ಮೀನುಮನುಷ್ಯ ಆರ್ಲಾಂಗ್‌ಗೆ ಗರಗಸದ ಮೂಗು ಅಂಟಿಸಿಯೇ ಕ್ಯಾಮೆರಾ ಮುಂದೆ ತಂದರು. ಒಬ್ಬ ನೌಕಾ ಅಧಿಕಾರಿ ತಲೆಗೆ ನಾಯಿಯ ತಲೆಯಂಥ ಟೋಪಿ ಹಾಕಿಕೊಂಡು ಗಂಭೀರವಾಗಿ ಮಾತಾಡುತ್ತಾನೆ, ಯಾರೂ ಅದರ ಬಗ್ಗೆ ಜೋಕು ಮಾಡುವುದಿಲ್ಲ. ಮಾಂಗಾ ಬರೆದ ಐಚಿರೊ ಓಡಾ ಒಪ್ಪದೆ ಅಲ್ಲಿ ಏನೂ ಮುಂದೆ ಹೋಗುವಂತಿರಲಿಲ್ಲ.

ದುಡ್ಡು ಲೆಕ್ಕಕ್ಕೇ ಇಲ್ಲ ಅಂತಲ್ಲ. ಹೊಟ್ಟೆಗೆ ಹಿಟ್ಟಿಲ್ಲದೆ ಕಸುಬು ನಡೆಯುವುದಿಲ್ಲ. ಆದರೆ ದುಡ್ಡು ಎಲ್ಲಿ ಹಾಕಬೇಕು ಅಂತ ನಿರ್ಧಾರ ಮಾಡುವವನ ಕೈಯಲ್ಲೇ ಕಸುಬೂ ಇದ್ದರೆ ಆ ದುಡ್ಡು ದೂರ ಬರುತ್ತದೆ. ವಾಂಗ್ ವೇಷಗಾರರೂ ಹೌದು, ನಿರ್ದೇಶಕರೂ ಹೌದು. ಯಾವ ಕೋನದಲ್ಲಿ ಬೆನ್ನಿನ ಹೊಲಿಗೆ ಕಾಣುತ್ತದೆ ಅಂತ ಅವರಿಗೆ ಯಾರೂ ಹೇಳಬೇಕಿರಲಿಲ್ಲ. ತಕಾಶಿ ಯಾಮಾಜಾಕಿಯ ‘ಗಾಡ್‌ಜಿಲ್ಲಾ ಮೈನಸ್ ಒನ್’ ಮಾಂಗಾ ಸಿನಿಮಾ ಅಲ್ಲ, ಆದರೂ ಇಲ್ಲಿ ಅದರ ಹೆಸರು ಬರಲೇಬೇಕು. ನಿರ್ದೇಶನ, ಕಥೆ, ಗ್ರಾಫಿಕ್ಸ್ ಮೇಲ್ವಿಚಾರಣೆ ಮೂರೂ ಅವರದೇ. 35 ಜನರ ತಂಡ, 610 ಗ್ರಾಫಿಕ್ಸ್ ಶಾಟ್‌ಗಳು. ಬಜೆಟ್ ಒಂದೂವರೆ ಕೋಟಿ ಡಾಲರಿಗೂ ಕಡಿಮೆ. 2024ರಲ್ಲಿ ಗ್ರಾಫಿಕ್ಸ್‌ಗೆ ಆಸ್ಕರ್ ಬಂತು. ಪಕ್ಕದ ಮೇಜಿಗೆ ಎದ್ದು ಹೋಗಿ ಕೇಳಿದರೆ ಮುಗಿಯುವ ತಿದ್ದುಪಡಿಗೆ ಮೂರು ದೇಶಗಳ ನಡುವೆ ಇಮೇಲ್ ಓಡಾಡಿದರೆ ಖರ್ಚು ಏರದೆ ಇನ್ನೇನು?

ನಮ್ಮ ಪಕ್ಕದಲ್ಲೇ ಒಂದು ಉದಾಹರಣೆ ಇದೆ. 2025ರ ಮಲಯಾಳಂ ‘ಲೋಕಾ’ ಸುಮಾರು 30 ಕೋಟಿಯಲ್ಲಿ ಆದ ಸಿನಿಮಾ, 300 ಕೋಟಿ ದಾಟಿತು. ಕಥೆ ನಡೆಯುವುದು ನಮ್ಮ ಬೆಂಗಳೂರಿನಲ್ಲಿ. (ಬೆಂಗಳೂರಿನ ಹುಡುಗಿಯರ ಬಗ್ಗೆ ಅದರಲ್ಲಿದ್ದ ಒಂದು ಮಾತಿಗೆ ಇಲ್ಲಿ ಆಕ್ಷೇಪ ಬಂತು, ನಿರ್ಮಾಪಕರು ಕ್ಷಮೆ ಕೇಳಿದರು.) ಅದರ ಸೂಪರ್‌ಹೀರೋಯಿನ್ ಅಜ್ಜಿ ಕಥೆಯ ಯಕ್ಷಿ, ಕಳ್ಳಿಯಂಕಾಟ್ಟು ನೀಲಿ. ಇವತ್ತಿನ ಹುಡುಗರು ಯಕ್ಷಿಯನ್ನು ನಂಬುತ್ತಾರಾ ಅಂತ ಆ ಸಿನಿಮಾ ಅಳುಕಲಿಲ್ಲ, ಯಕ್ಷಿ ಯಕ್ಷಿಯಾಗಿಯೇ ಬಂದಳು. ಈಗ ಅದರ ಎರಡನೇ ಭಾಗ ಘೋಷಣೆಯಾಗಿದೆ. ಗೈವರ್‌ನ ಕಷ್ಟ ಅದಕ್ಕಿಲ್ಲ, ಗೆದ್ದ ಸಿನಿಮಾದ ಎರಡನೇ ಭಾಗಕ್ಕೆ ಕೇಳಿದಷ್ಟು ದುಡ್ಡು ಸಿಗುತ್ತದೆ. ಹೆದರಿಕೆ ಇರುವುದೂ ಅಲ್ಲೇ.

ಗೈವರ್‌ನ ಮೂರನೇ ಭಾಗ ಬರಲೇ ಇಲ್ಲ. ಸ್ಟೀವ್ ವಾಂಗ್ 1997ರಲ್ಲಿ ‘ಡ್ರೈವ್’ ಅನ್ನುವ ಇನ್ನೊಂದು ಸಣ್ಣ ಬಜೆಟ್ಟಿನ ಸಾಹಸ ಚಿತ್ರ ತೆಗೆದರು, ಅದರಲ್ಲೂ ಫೈಟ್ ಸಕಾಮೊಟೊದೇ. 2009ರಲ್ಲಿ ‘ಕಾಮೆನ್ ರೈಡರ್: ಡ್ರ್ಯಾಗನ್ ನೈಟ್’ ಮಾಡಿ ಜಪಾನಿನ ಮುಖವಾಡದ ಹೀರೋಗಳನ್ನು ಅಮೆರಿಕದ ಟಿವಿಗೆ ಕರೆತಂದರು. ಚಾನೆಲ್ ಕೊನೆಯ ಕಂತುಗಳನ್ನು ಹಾಕುವ ಮೊದಲೇ ಧಾರಾವಾಹಿ ನಿಲ್ಲಿಸಿತು. ಮರುವರ್ಷ ಅದರ ಫೈಟುಗಳಿಗೆ ಡೇಟೈಮ್ ಎಮ್ಮಿ ಪ್ರಶಸ್ತಿ ಬಂತು.